ಗಾಯಗೊಂಡ ಜೇಡ ಮತ್ತು ಪಾಂಜರಾಪೋಳದ ಪರಂಪರೆ

ಕಳೆದ ದೀಪಾವಳಿಗೆ ಅಂಗಡಿಯ ಕಪಾಟುಗಳನ್ನು ಗುಡಿಸುವಾಗ ಪೊರಕೆಯ ಪೆಟ್ಟು ತಗುಲಿ ಒಂದು ಜೇಡವು ಗಾಯಗೊಂಡಿತು. ಅದರ ಎರಡು ಕಾಲುಗಳು ಕಳಚಿ ಬಿದ್ದಿದ್ದುವು. ಮೊಮ್ಮಗಳು ಅದನ್ನು ಕಾಗದದ ಮೇಲೆ ಎತ್ತಿಕೊಂಡು ಮನೆಗೆ ತಂದು, “ಅಜ್ಜಾ, ಇದಕ್ಕೆ ತಿನ್ನಲು ಏನು ಕೊಡುವುದು?” ಎಂದಳು. ನನ್ನಿಂದ ಉತ್ತರ ಹೊರಡಲಿಲ್ಲ. ಜೇಡವು ಕಾಳು ತಿನ್ನದು. ಅದಕ್ಕೆ ಜೀವಂತ ನೊಣವೇ ಆಗಬೇಕು. ಒಂದು ಜೀವವನ್ನು ಉಳಿಸಲು ಇನ್ನೊಂದನ್ನು ನಮ್ಮ ಕೈಯಾರೆ ಒಪ್ಪಿಸುವುದು ಯಾವ ದಯೆ? ಪ್ರಾಣಿಗಳ ಶುಶ್ರೂಷೆಯಲ್ಲಿ ನಮ್ಮ ಸಮಾಜಕ್ಕೆ ಶತಮಾನಗಳ ಅನುಭವವಿದೆ. ಆ ಚರಿತ್ರೆಯಲ್ಲಿ ಉತ್ತರವಿರಬಹುದೆಂದು ಹಳೆಯ ಬರಹಗಳನ್ನು ತೆರೆದೆನು.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623 ರಲ್ಲಿ ಖಂಭಾತಿನ ಪಕ್ಷಿಗಳ ಆಸ್ಪತ್ರೆಯನ್ನು ಕಂಡನು. ಅಲ್ಲಿ ಅವನ ಮನಸ್ಸನ್ನು ಹಿಡಿದದ್ದು ತಾಯಿಯಿಲ್ಲದ ಇಲಿಮರಿಗಳು. ಬಿಳಿಗಡ್ಡದ ವೃದ್ಧನೊಬ್ಬನು ಅವುಗಳನ್ನು ಹತ್ತಿಯ ನಡುವೆ ಪೆಟ್ಟಿಗೆಯಲ್ಲಿಟ್ಟು, ಮೂಗಿನ ಮೇಲೆ ಕನ್ನಡಕವೇರಿಸಿ, ಹಕ್ಕಿಯ ಗರಿಯಿಂದ ಹಾಲುಣಿಸುತ್ತಿದ್ದನಂತೆ. ಆ ವೃದ್ಧನ ಹೆಸರನ್ನು ಯಾರೂ ಬರೆದಿಡಲಿಲ್ಲ. ದೊಡ್ಡ ದೊಡ್ಡ ದಾನಿಗಳ ಹೆಸರುಗಳು ಅಮೃತಶಿಲೆಯ ಮೇಲೆ ಉಳಿದಿರುವಾಗ ಇದು ನನಗೆ ಸ್ವಲ್ಪ ಕಸಿವಿಸಿಯನ್ನುಂಟುಮಾಡುತ್ತದೆ.

1689 ರಲ್ಲಿ ಪ್ರಯಾಣ ಹೊರಟು ಸೂರತ್ತಿಗೆ ಬಂದ ಆಂಗ್ಲ ಪಾದ್ರಿ ಓವಿಂಗ್ಟನ್ ಹೇಳುವ ಸಂಗತಿ ಬೇರೆ ಬಗೆಯದು. ಹಸು, ಕುದುರೆ, ನಾಯಿಗಳ ಆಸ್ಪತ್ರೆಯ ಜೊತೆಗೆ ತಿಗಣೆ, ಚಿಗಟಗಳಿಗೂ ಅಲ್ಲಿ ಆಶ್ರಯವಿತ್ತು. ಅವುಗಳ ಆಹಾರಕ್ಕಾಗಿ ಬಡವನೊಬ್ಬನನ್ನು ಕೂಲಿ ಕೊಟ್ಟು ರಾತ್ರಿಯೆಲ್ಲಾ ಮಂಚದ ಮೇಲೆ ಮಲಗಿಸುತ್ತಿದ್ದರು ಎಂದು ಅವನು ಬರೆದಿದ್ದಾನೆ. ಪರದೇಶಿಯ ಅತಿಶಯೋಕ್ತಿಯೆಂದು ತಳ್ಳಿಹಾಕುವುದು ಸುಲಭ. ಆದರೆ ನಿಜವಾಗಿದ್ದರೆ, ಪುಣ್ಯವು ಹಣ ಕೊಟ್ಟವನ ಲೆಕ್ಕಕ್ಕೂ ಕಡಿತವು ಬಡವನ ಮೈಗೂ ಸೇರಿದಂತಾಯಿತು. ಇಂತಹ ಜಮಾಖರ್ಚನ್ನು ವರ್ತಕನಾದ ನಾನು ಒಪ್ಪಲಾರೆ.

ಗುಜರಾತಿನ ಕೆಲವು ಪಾಂಜರಾಪೋಳಗಳಲ್ಲಿದ್ದ ‘ಜೀವಾತ್ ಖಾನಾ’ ಇದಕ್ಕಿಂತ ವಿವೇಕದ ಏರ್ಪಾಡು. ಮನೆಮನೆಯ ಕಸದೊಂದಿಗೆ ಬಂದ ಹುಳುಗಳನ್ನೂ ಹುಳು ಹಿಡಿದ ಧಾನ್ಯವನ್ನೂ ಒಂದು ಕೋಣೆಗೆ ಸೇರಿಸಿ, ಅಲ್ಲಿಯೇ ಸ್ವಲ್ಪ ಧಾನ್ಯವಿಟ್ಟು, ಅವುಗಳ ಪಾಡಿಗೆ ಬಿಡುತ್ತಿದ್ದರು. ಆ ಕಸದೊಡನೆ ಜೇಡಗಳೂ ಹೋಗಿರಬೇಕು. ಒಳಗೆ ಯಾವುದು ಯಾವುದನ್ನು ತಿಂದಿತೋ ನೋಡಿದವರಿಲ್ಲ. ಈ ಸಂಸ್ಥೆಗಳ ವೆಚ್ಚಕ್ಕೆ ಮಹಾಜನರು ತಮ್ಮ ವ್ಯಾಪಾರದ ಮೇಲೆ ತಾವೇ ‘ಲಾಗಾ’ ಎಂಬ ವಂತಿಗೆಯನ್ನು ವಿಧಿಸಿಕೊಳ್ಳುತ್ತಿದ್ದರು. ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಆಜ್ಞೆಯಿಂದ 1832 ರಲ್ಲಿ ದೊಂಬಿಯೆದ್ದು, ಎರಡು ವರ್ಷಗಳ ನಂತರ, 1834 ರಲ್ಲಿ, ಅಲ್ಲಿಯ ಪಾಂಜರಾಪೋಳವು ಸ್ಥಾಪನೆಯಾಯಿತು. ಅದರಲ್ಲಿ ಪಾರಸಿ ಗೃಹಸ್ಥರಾದ ಜಮಶೇಟಜಿ ಜೀಜೀಭಾಯಿಯವರು ಮುಂದಾಳಾಗಿದ್ದರೆಂಬುದನ್ನು ನಾವು ಮರೆಯಬಾರದು.

ಇನ್ನು ಮಾಂಸಾಹಾರಿ ಜೀವಿಗಳ ಪ್ರಶ್ನೆ. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸುತ್ತದೆ. ಹಾಗೆಂದು ಗಾಯಗೊಂಡದ್ದನ್ನು ಕೈಬಿಡಬೇಕೇ? ದೆಹಲಿಯ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದಲ್ಲಿರುವ ಪಕ್ಷಿ ಚಿಕಿತ್ಸಾಲಯದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಹದ್ದು, ಗಿಡುಗಗಳಿಗೆ ಔಷಧೋಪಚಾರ ಮಾಡಿ ಕಳುಹಿಸುತ್ತಾರೆ. ಇತರ ಪಕ್ಷಿಗಳಂತೆ ಒಳಗಿರಿಸಿಕೊಂಡು ಪೋಷಿಸುವುದಿಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳು ಶ್ರವಣಬೆಳಗೊಳದ ಶಾಸನಗಳನ್ನು ಓದಿದವರಿಗೆ ಪರಿಚಿತವೇ. ಹದ್ದಿಗೆ ಅವುಗಳಲ್ಲಿ ಎರಡನ್ನು ಕೊಡಬಹುದು, ಆಹಾರವನ್ನಲ್ಲ.

ನಮ್ಮ ಜೇಡಕ್ಕೂ ಅದನ್ನೇ ಮಾಡಿದೆವು. ಜೇಡವು ಕಾಲನ್ನು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಆ ದ್ರವ ಸೋರಿಹೋದರೆ ಕಾಲುಗಳು ಒಳಕ್ಕೆ ಮುದುಡುತ್ತವೆ. ಕಾಲು ಬುಡದ ಕೀಲಿನಲ್ಲಿ ಕಳಚಿದರೆ ಮಾತ್ರ ಗಾಯವು ಬೇಗ ಮುಚ್ಚಿಕೊಳ್ಳುತ್ತದೆ, ಎಳೆಯ ಜೇಡವಾದರೆ ಪೊರೆ ಕಳಚುವಾಗ ಹೊಸ ಕಾಲು ಮೂಡುವುದೂ ಉಂಟು. ಆಹಾರವಿಲ್ಲದೆ ಅದು ವಾರಗಟ್ಟಲೆ ಇರಬಲ್ಲದು, ನೀರು ಮಾತ್ರ ಬೇಕು. ರಂಧ್ರಗಳಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಒದ್ದೆ ಹತ್ತಿಯನ್ನಿಟ್ಟು ನೆರಳಿನಲ್ಲಿರಿಸಿದೆವು. ಮೊದಲ ದಿನ ಅದು ಅಲುಗಲಿಲ್ಲ. ಮೂರನೆಯ ದಿನ ಹತ್ತಿಯ ಹತ್ತಿರ ಸರಿದಿತ್ತು. ಐದನೆಯ ದಿನ ಮೂಲೆಯಲ್ಲಿ ನಾಲ್ಕಾರು ಎಳೆಗಳು ಕಂಡುವು.

ಅದನ್ನು ಹಿತ್ತಲಿನ ದಾಸವಾಳದ ಗಿಡದ ಬುಡದಲ್ಲಿ ಬಿಡುವಾಗ ಮೊಮ್ಮಗಳು ಮತ್ತೆ ಕೇಳಿದಳು: “ಇನ್ನು ಇದು ನೊಣ ಹಿಡಿಯುತ್ತದಲ್ಲವೇ, ಅಜ್ಜಾ?” ಹಿಡಿಯುತ್ತದೆ ಎಂದೆನು. ಅವಳು ಬಹಳ ಹೊತ್ತು ಗಿಡವನ್ನೇ ನೋಡುತ್ತಾ ನಿಂತಿದ್ದಳು.