ಮಲ್ಲವಿದ್ಯೆ ಮತ್ತು ಸೈನಿಕ ಶಿಕ್ಷಣ

ಯುದ್ಧವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಆನೆ, ಕುದುರೆ, ಕೋಟೆ, ಫಿರಂಗಿಗಳ ಚಿತ್ರ. ಯಾವ ಅರಸನು ಯಾವ ವರ್ಷದಲ್ಲಿ ಯಾರನ್ನು ಗೆದ್ದನೆಂಬುದನ್ನು ಚರಿತ್ರೆಯ ಪುಸ್ತಕಗಳು ತಪ್ಪದೆ ಹೇಳುತ್ತವೆ. ಆದರೆ ಆ ಗೆಲುವನ್ನು ತಂದುಕೊಟ್ಟ ಕಾಲಾಳಿನ ಮೈ ಹೇಗೆ ಸಿದ್ಧವಾಗುತ್ತಿದ್ದಿತು, ಕೈಯ ಕತ್ತಿ ಮುರಿದು ಬಿದ್ದಾಗ ಅವನು ಯಾವ ವಿದ್ಯೆಯನ್ನು ನೆಚ್ಚಿ ನಿಲ್ಲುತ್ತಿದ್ದನು ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಉತ್ತರವನ್ನು ನಾವು ಗರಡಿಮನೆಯಲ್ಲಿ ಹುಡುಕಬೇಕಾಗಿದೆ.

ಕತ್ತಿ ಗುರಾಣಿಗಳ ಕಾಲದಲ್ಲಿ ಎರಡು ಪಡೆಗಳು ಕೂಡಿಕೊಂಡ ಮೇಲೆ ಕತ್ತಿ ಬೀಸುವಷ್ಟು ಎಡೆಯೂ ಉಳಿಯದ ಗಳಿಗೆ ಬರುತ್ತಿದ್ದಿತು. ಆಗ ಬೇಕಾದುದು ನೆಲ ಬಿಡದ ಕಾಲು, ಸಡಿಲದ ಹಿಡಿತ, ಬಿದ್ದರೂ ಪೆಟ್ಟಾಗದಂತೆ ಬೀಳುವ ಜಾಣ್ಮೆ, ಕೆಡದ ಉಸಿರು. ಕುಸ್ತಿಯ ಕಣದಲ್ಲಿ ಕಲಿಯುವುದೂ ಈ ನಾಲ್ಕನ್ನೇ. ಆದುದರಿಂದ ಮಲ್ಲವಿದ್ಯೆಯನ್ನು ಬರಿಯ ಆಟವೆಂದು ನಮ್ಮ ಹಿರಿಯರು ಎಣಿಸಲಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಪ್ರಕರಣವೊಂದಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಗುಣವಾಗಿ ವರ್ಗೀಕರಿಸಲಾಗಿದೆ. ಅವರ ವ್ಯಾಯಾಮ ಯಾವುದು, ಆಹಾರ ಯಾವುದು ಎಂಬ ವಿವರವೂ ಉಂಟು. ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಅವರಿಗೆ ಒದಗಿಸುವುದು ಅರಸನ ಹೊಣೆ. ಮಲ್ಲರಾದರೋ ಅರಮನೆಯ ಸ್ತ್ರೀಯರಿಂದ ದೂರವಿದ್ದು ದೇಹಸಾಧನೆಯಲ್ಲಿಯೇ ಮಗ್ನರಾಗಿರಬೇಕು. ಹೆಸರಿಗೆ ವಿನೋದವಾದರೂ ನಿಯಮ ಮಾತ್ರ ಕಠಿಣವಾದುದೇ ಸರಿ. ಒಂದು ಕೊರತೆಯನ್ನು ಮಾತ್ರ ಇಲ್ಲಿ ಹೇಳಬೇಕು. ಪಟ್ಟುಗಳ ಹೆಸರುಗಳನ್ನು ಕೊಟ್ಟ ಗ್ರಂಥವು ಅವುಗಳನ್ನು ಹಾಕುವ ಬಗೆಯನ್ನು ವಿವರಿಸುವುದಿಲ್ಲ. ಗುರುವಿನ ಕೈಯಿಂದ ಶಿಷ್ಯನ ಕೈಗೆ ಬರುತ್ತಿದ್ದ ವಿದ್ಯೆಗೆ ವಿವರಣೆ ಏಕೆಂದು ಆಗಿನವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ನಾಲ್ಕು ಶತಮಾನಗಳ ತರುವಾಯ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಬಳಿದುಕೊಂಡು, ಸೊಂಟಕ್ಕೊಂದು ಚಿಕ್ಕ ಬಟ್ಟೆ ಕಟ್ಟಿ, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದನು. ಆಮೇಲೆ ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿಯ ಸಾಮು. ಅನಂತರ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಕೊನೆಗೆ ನಸುಕು ಹರಿಯುವ ತನಕ ಕುದುರೆ ಸವಾರಿ. ಅರಸನೇ ಹೀಗೆ ಮೈ ದಂಡಿಸುತ್ತಿದ್ದಾಗ ದಳವಾಯಿಯಾಗಲಿ ಬಂಟನಾಗಲಿ ಹಾಸಿಗೆಯಲ್ಲಿ ಹೊರಳುವಂತಿರಲಿಲ್ಲ.

ಮಹಾನವಮಿಯ ಉತ್ಸವದಲ್ಲಿ ನಡೆಯುತ್ತಿದ್ದ ಮಲ್ಲಯುದ್ಧವನ್ನೂ ಪಾಯೆಸನು ಕಂಡನು. ಅದು ತನ್ನ ದೇಶದ ಕುಸ್ತಿಯಂತಲ್ಲವೆಂದು ಅವನಿಗೆ ಬೆರಗು. ಹಲ್ಲು ಮುರಿಯುವ, ಕಣ್ಣು ಕೀಳುವ ಗುದ್ದುಗಳು ಅಲ್ಲಿ ಬೀಳುತ್ತಿದ್ದುವು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಆದರೆ ಆ ಕಣಕ್ಕೆ ನಾಯಕರಿದ್ದರು, ತೀರ್ಪುಗಾರರಿದ್ದರು. ಇಬ್ಬರನ್ನೂ ಸಮನಾಗಿ ನಿಲ್ಲಿಸುವುದೂ ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದೂ ಅವರ ಕೆಲಸ. ಇದೇ ಉತ್ಸವಕಾಲದಲ್ಲಿ ರಾಯನು ಸೈನ್ಯದ ಪರಿವೀಕ್ಷಣೆಯನ್ನೂ ನಡೆಸುತ್ತಿದ್ದನು. ದ್ವಂದ್ವಯುದ್ಧ ಮಾಡಬಯಸುವವರು ಮಂತ್ರಿಯ ಅಪ್ಪಣೆ ಪಡೆಯಬೇಕಾಗಿದ್ದಿತೆಂದು ಇನ್ನೊಬ್ಬ ಪೋರ್ಚುಗೀಸನಾದ ನ್ಯೂನಿಜನು ಬರೆದಿದ್ದಾನೆ. ಬಲಕ್ಕೆ ಕಟ್ಟಳೆಯಿದ್ದಿತೆಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಆದವಾನಿ, ರಾಯದುರ್ಗ, ಪೆನುಕೊಂಡೆಗಳ ಕೋಟೆಗಳನ್ನು ಕಂಡಿರುವ ಓದುಗರಿಗೆ ಗೋಡೆಯ ಬುಡದ ಕಾಳಗ ಎಂತಹುದೆಂದು ಊಹಿಸುವುದು ಕಷ್ಟವಲ್ಲ. 1520ರ ರಾಯಚೂರು ಮುತ್ತಿಗೆಯಲ್ಲಿ ವಿಜಯನಗರದ ಆಳುಗಳು ಹಾರೆ ಗುದ್ದಲಿಗಳಿಂದ ಕೋಟೆಯ ಕಲ್ಲುಗಳನ್ನು ಕಿತ್ತರೆಂದೂ ಕಿತ್ತ ಕಲ್ಲಿಗೆ ನಾಯಕರು ಹಣ ತೆತ್ತರೆಂದೂ ನ್ಯೂನಿಜನ ಹೇಳಿಕೆ. ಆದರೆ ಗೋಡೆಯ ಮೇಲಿನ ಕಾವಲಿನವರನ್ನು ದೂರದಿಂದಲೇ ಉರುಳಿಸಿ ಆ ಕೆಲಸವನ್ನು ಸುಲಭಗೊಳಿಸಿದವರು ಕ್ರಿಸ್ಟೊವಾವೊ ಡಿ ಫಿಗೆರೆದೊ ಎಂಬವನ ಕೆಲವೇ ಮಂದಿ ಬಂದೂಕುದಾರರು. ತೋಳ್ಬಲದ ಪಕ್ಕದಲ್ಲಿ ಮದ್ದುಗುಂಡು ಬಂದು ನಿಂತಿದ್ದಿತು. 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ಸುಲ್ತಾನರ ಫಿರಂಗಿಗಳು ಅದರ ಬಲವನ್ನು ತೋರಿಸಿಕೊಟ್ಟವು.

ಆದರೂ ಮಲ್ಲವಿದ್ಯೆ ಅಳಿಯಲಿಲ್ಲ. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯನು (1638–1659) ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಮಲ್ಲನನ್ನು ಸೋಲಿಸಿದನೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜ್ಯದ ರಕ್ಷಣೆ ಕಂಪೆನಿಯ ಪಡೆಯ ಕೈಸೇರಿತು. ಜಟ್ಟಿಗೆ ಉಳಿದುದು ಗರಡಿ ಮತ್ತು ದಸರೆಯ ಕಣ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನಚಾದ ಆಯುಧ ತೊಟ್ಟು ಎದುರಾಗುತ್ತಾರೆ. ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಹೊಡೆಯಲು ಕಲಿಸಿದ ಗುರುವೇ ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಕಲಿಸಿದ್ದಾನೆ.

ಇದೆಲ್ಲ ಹಳೆಯ ಮಾತಾಯಿತು, ಬಂದೂಕಿನ ಕಾಲದಲ್ಲಿ ಮುಷ್ಟಿಗೆ ಏನು ಬೆಲೆ, ಎನ್ನುವವರು 2020ನೆಯ ವರ್ಷದ ಜೂನ್ 15ರ ರಾತ್ರಿಯನ್ನು ನೆನೆಯಬೇಕು. ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಭಾರತ ಚೀನಗಳ ಸೈನಿಕರು ಕಲ್ಲು, ದೊಣ್ಣೆ, ಕಬ್ಬಿಣದ ಸಲಾಕೆಗಳಿಂದ ಬಡಿದಾಡಿದರು. ಕರ್ನಲ್ ಸಂತೋಷ್ ಬಾಬು ಅವರೂ ಸೇರಿ ನಮ್ಮ 20 ಮಂದಿ ಯೋಧರು ಮಡಿದರು. ಗಡಿರೇಖೆಯ ಬಳಿ ಗುಂಡು ಹಾರಿಸಬಾರದೆಂಬ ಒಪ್ಪಂದ 1996ರಲ್ಲಿಯೇ ಆಗಿದ್ದಿತು. ಗಡಿಯಲ್ಲಿ ನಿಂತ ಪಡೆಯ ಬಳಿ ಬಂದೂಕುಗಳಿದ್ದರೂ ಗುಂಡು ಹಾರಲಿಲ್ಲ. ಅಣುಬಾಂಬಿನ ಯುಗದಲ್ಲಿಯೂ ಸೈನಿಕನು ಬರಿಗೈಯ ಕಾಳಗವನ್ನು ಅರಿತಿರಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೆಳಗಾವಿಯಲ್ಲಿ ನಡೆಯುವ ಸೈನ್ಯದ ಕಮಾಂಡೊ ಶಿಕ್ಷಣದಲ್ಲಿ ನಿರಾಯುಧ ಕಾಳಗವೂ ಒಂದು ಪಾಠವಾಗಿರುವುದು ಇದಕ್ಕಾಗಿಯೇ.

ನಮ್ಮ ಊರುಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಗರಡಿ ಉಳಿದಿದೆ. ಕೆಮ್ಮಣ್ಣನ್ನು ಹದಮಾಡಿ ಹುಡುಗರಿಗೆ ಪಟ್ಟು ಕಲಿಸುವ ಮುದಿ ಉಸ್ತಾದರೂ ಇದ್ದಾರೆ. ಸೋಮೇಶ್ವರನ ಗ್ರಂಥದಲ್ಲಿ ಪಟ್ಟುಗಳ ಹೆಸರು ಉಳಿದು ಬಗೆ ಅಳಿದುಹೋಯಿತು. ನಮ್ಮಲ್ಲಿ ಹೆಸರೂ ಅಳಿಯುವ ಕಾಲ ಸಮೀಪಿಸಿದೆ. ಗಡಿನಾಡಿನ ತರುಣರು ಆ ಹಿರಿಯರ ಬಳಿ ಕುಳಿತು ಒಂದೊಂದು ಪಟ್ಟಿನ ಕನ್ನಡ ಹೆಸರನ್ನೂ, ಅದನ್ನು ಹಾಕುವ ಬಗೆಯನ್ನೂ, ಯಾವಾಗ ಹಾಕಬಾರದೆಂಬ ಕಟ್ಟಳೆಯನ್ನೂ ಬರೆದಿಡಲಿ. ನಾಡಿನ ಚರಿತ್ರೆಗೆ ಇದು ಕಿರಿದಾದ ಸೇವೆಯಾಗಲಾರದು.