ಬಳ್ಳಾರಿ ಸೀಮೆಯಲ್ಲಿ ಕಲಿಕೆಯ ಫಲವಿಚಾರ

ಎಂಜಿನಿಯರಿಂಗ್ ಶಿಕ್ಷಣದಲ್ಲಿ ಈಗ ರೂಢಿಗೆ ಬಂದಿರುವ ಫಲಾಧಾರಿತ ಕಲಿಕೆಯು ಪರದೇಶದಿಂದ ಬಂದ ನವೀನ ಪದ್ಧತಿಯೆಂದು ಭಾವಿಸುವುದುಂಟು. ಪದ್ಧತಿ ನವೀನವಾದರೂ ಅದರ ಮೂಲದಲ್ಲಿರುವ ಪ್ರಶ್ನೆಯು ಬಳ್ಳಾರಿಗೆ ಹಳೆಯದೆಂಬುದನ್ನು ನಾವಿಲ್ಲಿ ತೋರಿಸಬಯಸುತ್ತೇವೆ.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿವರವನ್ನು ಕೇಳಲು, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ವರದಿಯನ್ನು ಸಲ್ಲಿಸಿದನು. ಆಗ ಅನಂತಪುರದ ಸೀಮೆಯನ್ನೂ ಒಳಗೊಂಡಿದ್ದ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, ವಿದ್ಯಾರ್ಥಿಗಳು 6,641. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಆದರೆ ಕ್ಯಾಂಪ್‌ಬೆಲ್ ಎಣಿಕೆಯಲ್ಲಿಯೇ ನಿಲ್ಲಲಿಲ್ಲ. ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಕ್ರಮವನ್ನು ಅವನು ಮೆಚ್ಚಿದನು. ಅರ್ಥವರಿಯದೆ ಪದ್ಯಗಳನ್ನು ಬಾಯಿಪಾಠ ಮಾಡುವುದನ್ನು ಆಕ್ಷೇಪಿಸಿದನು. ಎಷ್ಟು ಮಂದಿ ಓದಿದರು ಎಂಬುದರ ಜೊತೆಗೆ ಓದಿದವನಿಗೆ ದಕ್ಕಿದ್ದೇನು ಎಂಬ ಪ್ರಶ್ನೆಯೂ ಹೀಗೆ ದಾಖಲೆಗೆ ಬಂದಿತು.

ಬಳ್ಳಾರಿ ನಗರದಲ್ಲಿ ವೀರಶೈವ ವಿದ್ಯಾವರ್ಧಕ ಸಂಘದ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ ಸ್ಥಾಪಿತವಾಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಉದಯಿಸಿತು. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವವನ್ನು ಪಡೆದ ಕಾಲಕ್ಕೆ ರಾಷ್ಟ್ರೀಯ ಮಾನ್ಯತಾ ಮಂಡಳಿಯು ಪದವೀಧರನಲ್ಲಿ ಕಾಣಬೇಕಾದ 12 ಫಲಗಳನ್ನು ನಿಗದಿಪಡಿಸಿತ್ತು. ವಿಷಯಜ್ಞಾನವಲ್ಲದೆ ಸಮಸ್ಯೆಯ ವಿಶ್ಲೇಷಣೆ, ಪರಿಸರದ ಅರಿವು, ವೃತ್ತಿಧರ್ಮ, ಸಹಕಾರ ಇವುಗಳಲ್ಲಿ ಸೇರಿದ್ದವು. ಕಟ್ಟಡ, ಉಪಕರಣ, ಅಧ್ಯಾಪಕರ ಸಂಖ್ಯೆಗಳಷ್ಟೇ ಕಾಲೇಜಿನ ಯೋಗ್ಯತೆಯಲ್ಲವೆಂಬುದು ಇದರ ಸಾರ.

ಈ ಪದ್ಧತಿಯಲ್ಲಿ ಪ್ರತಿಯೊಂದು ಪರೀಕ್ಷಾಪ್ರಶ್ನೆಯನ್ನೂ ಒಂದು ಫಲಕ್ಕೆ ಜೋಡಿಸಿ, ಬಂದ ಅಂಕಗಳಿಂದ ಸಿದ್ಧಿಯನ್ನು ಲೆಕ್ಕಹಾಕುತ್ತಾರೆ. ಅಪಾಯವಿರುವುದೂ ಇಲ್ಲಿಯೇ. ಬಾಯಿಪಾಠದಿಂದ ಉತ್ತರಿಸಬಹುದಾದ ಪ್ರಶ್ನೆಯನ್ನು ಯಾವ ಫಲಕ್ಕೆ ಜೋಡಿಸಿದರೇನು? ದೊರೆಯುವ ಅಂಕಿಯು ಬಾಯಿಪಾಠದ ಅಳತೆಯೇ ಹೊರತು ಸಾಮರ್ಥ್ಯದ ಅಳತೆಯಾಗದು.

ಪರೀಕ್ಷೆಗೆ ತಕ್ಕ ವಿಷಯಗಳು ದೂರವಿಲ್ಲ. ತುಂಗಭದ್ರೆಯ ಕಾಲುವೆಯಿಂದ ಬತ್ತ ಬೆಳೆಯುವ ಸಿರುಗುಪ್ಪದ ಹೊಲಗಳಲ್ಲಿ ಸವಳು-ಜವಳಿನ ಬಾಧೆಯುಂಟು. ಅಲ್ಲಿ ಮಣ್ಣನ್ನು ಪರೀಕ್ಷಿಸಿ, ನೆಲದ ಇಳಿಜಾರನ್ನು ಅಳೆದು, ರೈತನೊಡನೆ ಸಮಾಲೋಚಿಸಿ ಬಸಿಗಾಲುವೆಯ ನಕ್ಷೆಯನ್ನು ತಯಾರಿಸುವ ವಿದ್ಯಾರ್ಥಿಯು ಹಲವು ಫಲಗಳನ್ನು ಒಮ್ಮೆಗೇ ತೋರಿಸುವನು. ಕುರುಗೋಡಿನ ಏಕಶಿಲೆಯ ಬೃಹತ್ ಬಸವನನ್ನು ಕಡೆದವರ ವಿದ್ಯೆಗೆ ಆ ಕಲ್ಲೇ ಪ್ರಮಾಣವಾಗಿ ನಿಂತಿದೆ. ಇಂದಿನ ಎಂಜಿನಿಯರನ ವಿದ್ಯೆಗೂ ಅವನ ಕೃತಿಯೇ ಪ್ರಮಾಣವಾಗಬೇಕೆಂದು ನಮ್ಮ ಅಭಿಪ್ರಾಯ.