ಥರ್ಮಾಮೀಟರ್ ಹೋದ ದಾರಿ

ರೋಗಿಯ ಸಂಸ್ಕೃತಿ ಅರಿತು ಮದ್ದು ಕೊಡಬೇಕು ಅಂತ ಈಗ ವೈದ್ಯರಿಗೆ ಪಾಠ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಗೆಳೆಯರೇ, ಈ ದೇಶದ ವೈದ್ಯನಿಗೆ ರೋಗಿಯ ಜಾತಿ, ಕೇರಿ, ಮೈಲಿಗೆ ಯಾವತ್ತು ಗೊತ್ತಿರಲಿಲ್ಲ? ನಮ್ಮವ್ವನಿಗೆ ಸೂಜಿ ಹಾಕುವ ಮುಂಚೆ ಆ ಕಾಂಪೌಂಡರು ಊರು ಯಾವುದು ಅಂತ ಕೇಳಿ ಸುಮ್ಮನಾಗುತ್ತಿರಲಿಲ್ಲ, ಬೀದಿ ಯಾವುದು ಅಂತಲೂ ಕೇಳುತ್ತಿದ್ದ.

ಗುಜರಾತಿನ ಕಾಠೇವಾಡದ ಒಂದು ಹಳ್ಳಿ. ಅಸ್ಪೃಶ್ಯ ಮೇಷ್ಟ್ರ ಹೆಂಡತಿ, ಹಸಿ ಬಾಣಂತಿ, ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಕಾಲಿಡಲು ಒಲ್ಲೆ ಅಂದ. ಊರಿನ ನಗರಶೇಠ ಎರಡು ರೂಪಾಯಿ ಫೀಜಿಗೆ ಜಾಮೀನು ನಿಂತ ಮೇಲೆ ಒಪ್ಪಿದ, ಅದೂ ಅವಳನ್ನು ಕೇರಿಯಾಚೆ ತರಬೇಕೆಂಬ ಷರತ್ತಿನ ಮೇಲೆ. ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನಿಗೆ ಕೊಟ್ಟ. ಅವನು ಗಂಡನಿಗೆ, ಗಂಡ ಹೆಂಡತಿಗೆ. ಬಂದ ದಾರಿಯಲ್ಲೇ ಅದು ವಾಪಸ್ಸಾಯಿತು. ದೀಪದ ಬೆಳಕಲ್ಲಿ ನೋಡಿ, ನ್ಯುಮೋನಿಯಾ ಅಂದು ಹೊರಟುಹೋದ. ನ್ಯುಮೋನಿಯಾ ಎದೆಯ ರೋಗ; ಆ ಎದೆಯನ್ನು ಅವನು ಮುಟ್ಟಲೇ ಇಲ್ಲ. ಬಾಣಂತಿ ಸತ್ತಳು. ಮೇಷ್ಟ್ರು ಬರೆದ ಕಾಗದ 1929ರಲ್ಲಿ ಗಾಂಧೀಜಿಯ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಬಾಬಾಸಾಹೇಬರು ಅದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಎತ್ತಿಟ್ಟುಕೊಂಡರು.

ಆ ಡಾಕ್ಟರು ಸಂಸ್ಕೃತಿ ಅರಿಯದವನೇ? ಎಷ್ಟು ಚೆನ್ನಾಗಿ ಅರಿತಿದ್ದ!

ಇದಕ್ಕೆ 32 ವರ್ಷ ಹಿಂದೆ, 1897ರಲ್ಲಿ, ಪುಣೆಯಲ್ಲಿ ಪ್ಲೇಗು. ಸೋಲ್ಜರುಗಳು ಮನೆ ಹೊಕ್ಕು ಶೋಧಿಸಿದರು, ದೇವರ ಕೋಣೆ ಅಡುಗೆಮನೆ ಮೈಲಿಗೆಯಾಯಿತು ಅಂತ ಗುಲ್ಲೆದ್ದಿತು. ಹೆಂಗಸರ ಮೈ ಮುಟ್ಟಿ ತಪಾಸಣೆ ಮಾಡಿದ್ದು ಅನ್ಯಾಯವೇ, ಅದನ್ನು ಮುಚ್ಚಿಡಬೇಕಿಲ್ಲ. ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸೋದರರು ಗುಂಡು ಹೊಡೆದರು. ನಾವು ಓದಿದ ಚರಿತ್ರೆ ಅಲ್ಲಿಗೆ ನಿಲ್ಲುತ್ತದೆ. ಮುಂಬಯಿಯಲ್ಲಂತೂ ಜಾತಿಗೊಂದು ಪ್ಲೇಗ್ ಆಸ್ಪತ್ರೆ ಕಟ್ಟಿಕೊಳ್ಳಲು ಸರ್ಕಾರವೇ ಬಿಟ್ಟಿತು. ಸಂಸ್ಕೃತಿಗೆ ಮರ್ಯಾದೆ ಅಂದರೆ ಜಾತಿಗೆ ಮರ್ಯಾದೆ. ಜಾತಿಯೇ ಹೊರಗಿಟ್ಟವರು ಎಲ್ಲಿಗೆ ಹೋಗಬೇಕು?

ಹಡಪಸರಕ್ಕೆ. ಪುಣೆಯಾಚೆ ಅಲ್ಲಿ ಡಾಕ್ಟರ್ ಯಶವಂತ ಪ್ಲೇಗಿನವರಿಗೆ ಮದ್ದು ಕೊಡುತ್ತಿದ್ದ. ಬ್ರಾಹ್ಮಣ ವಿಧವೆ ಹೆತ್ತ ಕೂಸು, ಜೋತಿಬಾ ಸಾವಿತ್ರಿಬಾಯಿ ಫುಲೆ ಸಾಕಿದ ಮಗ. ಮುಂಢ್ವಾದ ಮಹಾರರ ಕೇರಿಯಲ್ಲಿ ಗಾಯಕವಾಡರ ಹುಡುಗ ಮಲಗಿದ ಸುದ್ದಿ ಬಂತು. ಸಾವಿತ್ರಿಬಾಯಿ ತಾವೇ ಹೋದರು. ನಡುವೆ ಯಾರ ಕೈಯೂ ಇಲ್ಲ, ಷರತ್ತೂ ಇಲ್ಲ. ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಉಳಿದ. ಪ್ಲೇಗು ಇವರನ್ನು ಹಿಡಿಯಿತು. ಮಾರ್ಚ್ 10ರಂದು ತೀರಿಕೊಂಡರು. ಆ ಬೆನ್ನಿಗೆ ಆಗ 66 ವರ್ಷ.